ಓದಿದ್ದು ನಾನು, ಗೇಟ್ ಕಾದವರು ಬೇರೆಯವರು

ಯುವಜನ ಅಭಿವೃದ್ಧಿ ಡಿಪ್ಲೊಮಾದ ಫಲಿತಾಂಶ ಬಂದಿದೆ. ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದೇನೆ. ವಾಟ್ಸಾಪ್‌ನಲ್ಲಿ ಅಭಿನಂದನೆ ಹೇಳಿದ ಎಲ್ಲರಿಗೂ ಒಂದೊಂದು ಹೂವಿನ ಚಿತ್ರ ಕಳಿಸಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ಯಾರಿಂದ ಏನಾಯ್ತು ಅಂತ ಒಂದು ಸಲ ಸರಿಯಾಗಿ ಬರೆದುಬಿಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಬಿಡುವಿದ್ದಾಗ ಓದಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಾನು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್‌ನ ವಾರ್ಡನ್. ಪಿಯುಸಿ, ಡಿಗ್ರಿ, ಐಟಿಐ, ನರ್ಸಿಂಗ್ ಓದುವ ಹುಡುಗಿಯರು ನಮ್ಮಲ್ಲಿದ್ದಾರೆ. ಬೆಳಿಗ್ಗೆ ಹಾಲು, ತರಕಾರಿ ಲೆಕ್ಕ. ಮಧ್ಯಾಹ್ನ ಬಿಲ್ಲು, ಸ್ಟಾಕ್ ರಿಜಿಸ್ಟರ್. ಸಂಜೆ ಹಾಜರಿ. ರಾತ್ರಿ ಯಾರಿಗಾದರೂ ಜ್ವರ ಬಂದರೆ ಆಟೋ ಹಿಡಿದು ತಾಲ್ಲೂಕು ಆಸ್ಪತ್ರೆ. ಓದು ಅಂತ ಶುರುವಾಗುತ್ತಿದ್ದದ್ದು ಹುಡುಗಿಯರ ಸ್ಟಡಿ ಅವರ್ ಮುಗಿದ ಮೇಲೆ, ರಾತ್ರಿ ಹತ್ತಕ್ಕೆ.

"ಯುವಜನ ಅಭಿವೃದ್ಧಿ ಅಂದ್ರೆ ಏನ್ರೀ ಮೇಡಂ, ಕ್ರೀಡಾಕೂಟ ಮಾಡ್ಸೋದಾ?" ಅಂತ ಕೇಳಿದವರು ಬಹಳ ಮಂದಿ. ಕ್ರೀಡಾಕೂಟವೂ ಇರಬಹುದು, ತಪ್ಪೇನಿಲ್ಲ. ನಮ್ಮ ದೇಶದಲ್ಲಿ ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, 1969ರಿಂದ ಇದೆ. ನೆಹರೂ ಯುವ ಕೇಂದ್ರಗಳು ಶುರುವಾದದ್ದು 1972ರಲ್ಲಿ. ತಮಿಳುನಾಡಿನ ಶ್ರೀಪೆರಂಬುದೂರಿನಲ್ಲಿ ಇದೇ ವಿಷಯಕ್ಕೆ ಅಂತ 1993ರಲ್ಲಿ ಶುರುವಾದ ಒಂದು ರಾಷ್ಟ್ರೀಯ ಸಂಸ್ಥೆಯೂ ಇದೆ. 2012ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಅಂತ ಮಾಡಿತು. ಹರೆಯದವರು ಹೇಗೆ ಬೆಳೆಯುತ್ತಾರೆ, ಅವರ ಸುತ್ತ ಇರುವ ದೊಡ್ಡವರು ಏನು ಮಾಡಬೇಕು, ಏನು ಮಾಡದೆ ದೂರ ನಿಲ್ಲಬೇಕು, ಇದೇ ಓದಿನ ತಿರುಳು. ಯಾರು ಯುವಜನ ಅನ್ನೋದರಲ್ಲೇ ಒಬ್ಬೊಬ್ಬರದು ಒಂದೊಂದು ಲೆಕ್ಕ. ವಿಶ್ವಸಂಸ್ಥೆಗೆ 15ರಿಂದ 24. ನಮ್ಮ 2003ರ ರಾಷ್ಟ್ರೀಯ ಯುವ ನೀತಿಗೆ 13ರಿಂದ 35. 2014ರ ನೀತಿ ಅದನ್ನು 15ರಿಂದ 29ಕ್ಕೆ ತಂದಿತು. ಅಂದರೆ ಕೋರ್ಸಿಗೆ ಸೇರುವಾಗ ಹಳೆಯ ನೀತಿಯಲ್ಲಿ ನಾನೂ ಯುವತಿ, ಹೊಸ ನೀತಿಯಲ್ಲಿ ಅಲ್ಲ. ನಮ್ಮನೆಯವರು ಇದನ್ನು ಬೀಗರ ಮನೆಯಲ್ಲೆಲ್ಲ ಹೇಳಿ ನಗಿಸಿಯಾಗಿದೆ.

ಮೊದಲ ಧನ್ಯವಾದ ನಮ್ಮ ಆಫೀಸಿನ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಸರ್‌ಗೆ. ಸರ್ಕಾರಿ ಕೆಲಸದಲ್ಲಿದ್ದು ಓದಬೇಕಾದರೆ ಇಲಾಖೆಯ ಅನುಮತಿ ಬೇಕು. ನನ್ನ ಫೈಲು ಒಂದು ಟೇಬಲ್ ಮೇಲೆ ಕೂತು ಬೇರು ಬಿಡುತ್ತಿತ್ತು. ಅವರೇ ಎತ್ತಿಕೊಂಡು ಹೋಗಿ ಸಹಿ ಮಾಡಿಸಿಕೊಂಡು ಬಂದರು. "ಓದೋರ ಫೈಲು ನಿಲ್ಲಬಾರದ್ರಿ" ಅಂದರು, ಅಷ್ಟೇ. ಚಹಾ ಕುಡಿಸುತ್ತೇನೆ ಅಂದರೂ ಬರಲಿಲ್ಲ.

ಓದಿದ್ದರಲ್ಲಿ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತದ್ದು ಯುವಜನ ಅಭಿವೃದ್ಧಿಯಲ್ಲಿ ಕೆಲಸ ಮಾಡಿದ ಅಮೆರಿಕದ ಕ್ಯಾರೆನ್ ಪಿಟ್‌ಮನ್ ಅವರ ಒಂದು ಮಾತು. 1990ರ ದಶಕದ ಶುರುವಿನಲ್ಲಿ ಹೇಳಿದ್ದು. ಮಕ್ಕಳಿಗೆ ತೊಂದರೆ ಇಲ್ಲ ಅಂದ ಮಾತ್ರಕ್ಕೆ ಅವರು ಬದುಕಿಗೆ ಪೂರ್ತಿ ಸಜ್ಜಾಗಿದ್ದಾರೆ ಅಂತ ಅಲ್ಲ, ಅನ್ನೋದು ಅದರ ಅರ್ಥ. ವಾರ್ಡನ್ ಕೆಲಸ ಮಾಡಿದವರಿಗೆ ಈ ಮಾತು ಎಲ್ಲಿ ತಾಗುತ್ತದೆ ಅಂತ ಗೊತ್ತಾಗುತ್ತದೆ. ನಮ್ಮ ಕೆಲಸ ಅಳೆಯುವುದೇ ತೊಂದರೆಯ ಲೆಕ್ಕದಲ್ಲಿ. ದೂರು ಇಲ್ಲ, ಜಗಳ ಇಲ್ಲ, ಯಾರೂ ತಡವಾಗಿ ಬಂದಿಲ್ಲ: ಒಳ್ಳೆ ಹಾಸ್ಟೆಲ್. ಹುಡುಗಿ ಇಲ್ಲಿಂದ ಹೊರಗೆ ಹೋದ ಮೇಲೆ ಬ್ಯಾಂಕಿನಲ್ಲಿ ಮಾತಾಡುತ್ತಾಳಾ, ಬಾಡಿಗೆ ಮನೆ ಹುಡುಕುತ್ತಾಳಾ, ಬೇಡ ಅನ್ನಿಸಿದ್ದಕ್ಕೆ ಬೇಡ ಅನ್ನುತ್ತಾಳಾ ಅಂತ ಯಾವ ನಮೂನೆಯಲ್ಲೂ ಕಾಲಂ ಇಲ್ಲ.

ಈ ಮಾತು ತಲೆಯಲ್ಲಿಟ್ಟುಕೊಂಡು ಒಂದು ಅಸೈನ್‌ಮೆಂಟ್ ಬರೆದೆ. ಅಮೆರಿಕದ ಮಿನಿಯಾಪೊಲಿಸ್‌ನ ಸರ್ಚ್ ಇನ್‌ಸ್ಟಿಟ್ಯೂಟ್ ಅನ್ನೋ ಸಂಸ್ಥೆ 1990ರಲ್ಲಿ ಒಂದು ಪಟ್ಟಿಯ ಕೆಲಸ ಶುರು ಮಾಡಿತು. ಹರೆಯದವರು ಚೆನ್ನಾಗಿ ಬೆಳೆಯಲು ಏನೇನು ಬೇಕು ಅನ್ನೋ ಪಟ್ಟಿ ಅದು, ಕೊನೆಗೆ 40 ಅಂಶ ಆಯಿತು. ನಾನು ಅದನ್ನು ನೀಟಾಗಿ ಬರೆದು ಕಳಿಸಿದೆ. ನಮ್ಮ ಟ್ಯೂಟರ್ ಮೇಡಂ ಕೆಳಗೆ ಒಂದೇ ಸಾಲು ಬರೆದಿದ್ದರು: "ಇದೆಲ್ಲ ಪುಸ್ತಕದಲ್ಲಿದೆ. ನಿಮ್ಮ ಹಾಸ್ಟೆಲ್ ಎಲ್ಲಿ?" ಆ ಸಾಲಿಗೆ ನಾನು ಋಣಿ. ಅವರನ್ನು ಇವತ್ತಿನವರೆಗೂ ಪರದೆಯ ಮೇಲೆ ಬಿಟ್ಟು ಎದುರಿಗೆ ನೋಡಿಲ್ಲ.

ಆ ಪಟ್ಟಿಯಲ್ಲಿ ಒಂದು ಅಂಶ ಹೀಗಿದೆ: ತಂದೆ ತಾಯಿ ಬಿಟ್ಟು ಕನಿಷ್ಠ ಮೂವರು ದೊಡ್ಡವರ ಆಸರೆ ಇರಬೇಕು. ಹುಡುಗಿಯರಿಗೆ ಒಂದೊಂದು ಚೀಟಿ ಕೊಟ್ಟೆ. ನಿಮ್ಮ ಮೂವರು ಯಾರು, ಬರೀರಿ ಅಂದೆ. ಸೋದರಮಾವ, ಕಾಲೇಜಿನ ಗ್ರಂಥಪಾಲಕರು, ಊರಿನ ಆಶಾ ಕಾರ್ಯಕರ್ತೆ ಅಕ್ಕ, ಮೊದಲ ಬಸ್ಸಿನ ಕಂಡಕ್ಟರ್. ಒಬ್ಬಳು ಬರೀ ಒಂದು ಹೆಸರು ಬರೆದು ಉಳಿದ ಎರಡು ಸಾಲು ಖಾಲಿ ಬಿಟ್ಟಿದ್ದಳು. ಮತ್ತೆ ಮತ್ತೆ ಬಂದ ಹೆಸರು ನಮ್ಮ ಅಡುಗೆಯ ಅಕ್ಕನದು. ವಾರ್ಡನ್ ಮೇಡಂಗಿಂತ ಎಷ್ಟೋ ಮುಂದೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಹಾಗಾಗಿ ಎರಡನೇ ಧನ್ಯವಾದ ಅಕ್ಕನಿಗೆ. ಅಕ್ಕ ಓದಿದ್ದು ನಾಲ್ಕನೇ ಇಯತ್ತೆ. ಯಾರು ಮನೆಯಿಂದ ಬಂದ ದಿನ ಸರಿಯಾಗಿ ಉಣ್ಣುವುದಿಲ್ಲ, ಯಾರು ಪರೀಕ್ಷೆಗೆ ಮುಂಚೆ ಚಹಾ ಜಾಸ್ತಿ ಕೇಳುತ್ತಾರೆ, ಯಾರ ಫೋನ್ ಕರೆ ಮುಗಿದ ಮೇಲೆ ಕಣ್ಣು ಕೆಂಪಾಗಿರುತ್ತದೆ, ಎಲ್ಲ ಅವರಿಗೆ ಗೊತ್ತು. ನನ್ನ ಪ್ರಾಜೆಕ್ಟ್ ವರದಿಯ ಅರ್ಧ ಅವರು ಹಿಟ್ಟು ನಾದುತ್ತಾ ಹೇಳಿದ್ದು.

ಪ್ರಾಜೆಕ್ಟ್ ವಿಷಯ ನಮ್ಮ ಹಾಸ್ಟೆಲ್‌ನ ಆಹಾರ ಸಮಿತಿ. ರೋಜರ್ ಹಾರ್ಟ್ ಅನ್ನುವವರು 1992ರಲ್ಲಿ ಯುನಿಸೆಫ್‌ಗಾಗಿ ಒಂದು ಏಣಿಯ ಚಿತ್ರ ಬರೆದರು. ಎಂಟು ಮೆಟ್ಟಿಲು. ಮಕ್ಕಳನ್ನು ಯಾವುದರಲ್ಲಾದರೂ ಸೇರಿಸಿಕೊಂಡಿದ್ದೇವೆ ಅಂತ ದೊಡ್ಡವರು ಹೇಳುತ್ತಾರಲ್ಲ, ಅದು ನಿಜವಾಗಿ ಎಷ್ಟು ಅಂತ ಅಳೆಯುವುದಕ್ಕೆ. ಕೆಳಗಿನ ಮೂರು ಮೆಟ್ಟಿಲು ಸೇರಿಸಿಕೊಳ್ಳುವುದೇ ಅಲ್ಲ ಅಂತಾರೆ ಹಾರ್ಟ್: ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗಷ್ಟೇ ಕೂರಿಸುವುದು. ಚಿತ್ರವನ್ನು ಊಟದ ಕೋಣೆಯ ಗೋಡೆಗೆ ಅಂಟಿಸಿ ಏನೂ ವಿವರಿಸಲಿಲ್ಲ, ಕನ್ನಡದಲ್ಲಿ ಒಂದೊಂದು ಸಾಲು ಬರೆದಿದ್ದೆ ಅಷ್ಟೇ. ಮರುದಿನ ಬಿಎ ಓದುವ ಒಬ್ಬಳು ಬಂದು, "ಮೇಡಂ, ನಮ್ಮ ಆಹಾರ ಸಮಿತಿ ಮೂರನೇ ಮೆಟ್ಟಿಲ ಮ್ಯಾಲೆ ಐತ್ರಿ. ತಿಂಗಳಿಗೊಮ್ಮೆ ಸಹಿ ಮಾಡ್ತೀವಿ, ಅಷ್ಟ" ಅಂದಳು. ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ಕೋರ್ಸಿನ ಯಾವ ಲೇಖನದಲ್ಲೂ ನಾನು ಓದಲಿಲ್ಲ.

ಆಮೇಲೆ ಆದದ್ದು ದೊಡ್ಡ ಕ್ರಾಂತಿ ಏನಲ್ಲ. ಸಂಜೆ ಕಂಪ್ಯೂಟರ್ ಕ್ಲಾಸಿಗೆ ಹೋಗುವವರು, ನರ್ಸಿಂಗ್ ಡ್ಯೂಟಿ ಮುಗಿಸಿ ಬರುವವರು ತಣ್ಣಗಿನ ಅನ್ನ ಉಣ್ಣುತ್ತಿದ್ದರು. ಸಮಿತಿಯವರು ಊಟದ ಸಮಯ ಬದಲಿಸಬೇಕು, ರೊಟ್ಟಿ ಕೊನೆಯವರೆಗೂ ಬಿಸಿ ಇರಬೇಕು ಅಂತ ಪಟ್ಟು ಹಿಡಿದರು. ಅಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು, "ಮೊದಲ ಒಂದಿನ ಬಂದು ರೊಟ್ಟಿ ಬಡೀರಿ, ಆಮ್ಯಾಲೆ ಟೈಮ್ ಹೇಳ್ರಿ" ಅಂದರು. ಭಾನುವಾರ ಸಮಿತಿಯವರೆಲ್ಲ ಅಡುಗೆಮನೆಗೆ ಇಳಿದರು. ಅರ್ಧ ರೊಟ್ಟಿ ಹರಿದವು, ಇನ್ನರ್ಧ ಕರ್ನಾಟಕದ ನಕ್ಷೆಯ ಆಕಾರಕ್ಕೆ ಬಂದವು. ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತಾ, ಅಷ್ಟು ಜನರಿಗೆ ಎರಡು ಸಲ ರೊಟ್ಟಿ ಬಡಿಯುವುದು ಅಂದರೆ ಏನು ಅಂತ ಅವರೇ ಲೆಕ್ಕ ಹಾಕಿದರು. ಕೊನೆಗೆ ಒಪ್ಪಂದ ಆಯಿತು: ತಡವಾಗಿ ಬರುವವರ ಹೆಸರು ಮಧ್ಯಾಹ್ನವೇ ಬೋರ್ಡಿನ ಮೇಲೆ ಬರೆಯಬೇಕು, ಅವರ ಪಾಲಿನ ಹಿಟ್ಟು ತೆಗೆದಿಡಬೇಕು, ಸರದಿಯ ಮೇಲೆ ಇಬ್ಬರು ಹುಡುಗಿಯರು ಅಕ್ಕನ ಜೊತೆ ನಿಲ್ಲಬೇಕು. ಈಗ ತರಕಾರಿ ಬಂದಾಗ ತೂಕ ನೋಡುವುದೂ ಸಮಿತಿಯದೇ ಕೆಲಸ. ತರಕಾರಿ ತರುವ ಅಣ್ಣನಿಗೆ ಇದರಿಂದ ಅಷ್ಟೇನೂ ಖುಷಿ ಇಲ್ಲ. ಇರಲಿ.

ವರದಿಯಲ್ಲಿ ಹುಡುಗಿಯರ ಮಾತನ್ನು ಅವರ ಮಾತಿನಲ್ಲೇ ಹಾಕಿದ್ದೆ. ಆಫೀಸಿನ ರೂಢಿಯಂತೆ ‘ನುಡಿ’ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಕೋರ್ಸಿನವರು ಆ ಕಡೆ ತೆರೆದರೆ ಒಂದಕ್ಷರವೂ ಕನ್ನಡವಲ್ಲ, ಬರೀ ಚಿತ್ರವಿಚಿತ್ರ ಗುರುತುಗಳು. ಕೊನೆಯ ದಿನಾಂಕ ಹತ್ತಿರ ಬಂದಿತ್ತು. ಬಸ್‌ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿಯ ತಮ್ಮ ಶಟರ್ ಅರ್ಧ ಎಳೆದುಕೊಂಡು ಕೂತು ಎಲ್ಲವನ್ನೂ ಯಾವ ಕಂಪ್ಯೂಟರಿನಲ್ಲಾದರೂ ಓದಲು ಬರುವ ಯೂನಿಕೋಡ್‌ಗೆ ತಿರುಗಿಸಿದ. ಒತ್ತಕ್ಷರ ಕೆಟ್ಟಿದ್ದಲ್ಲೆಲ್ಲ ಕೈಯಾರೆ ತಿದ್ದಿದ. ದುಡ್ಡು ತಗೋ ಅಂದರೆ, "ನಮ್ಮ ತಂಗಿ ನಿಮ್ಮ ಹಾಸ್ಟೆಲ್‌ನಾಗ ಓದ್ಯಾಳ್ರಿ ಅಕ್ಕಾರ" ಅಂದ. ಇಂಗ್ಲಿಷ್ ಲೇಖನ ಓದಿಸಿ ಅರ್ಥ ಹೇಳಿದವರು, ಉಲ್ಲೇಖಗಳನ್ನು ಎಪಿಎ ಅನ್ನೋ ನಿಗದಿತ ಶೈಲಿಯಲ್ಲಿ ಹೇಗೆ ಬರೆಯಬೇಕು ಅಂತ ಕಲಿಸಿದವರು ನಮ್ಮ ಡಿಗ್ರಿ ಹುಡುಗಿಯರೇ. ಚುಕ್ಕಿ ಎಲ್ಲಿ, ಅಲ್ಪವಿರಾಮ ಎಲ್ಲಿ ಅಂತ ಗದರುತ್ತಿದ್ದರು ಕೂಡ.

ಪರೀಕ್ಷೆಯ ಕಥೆ ಹೇಳಲೇಬೇಕು. ಲ್ಯಾಪ್‌ಟಾಪ್ ಕ್ಯಾಮೆರಾ ಮುಂದೆ ಕೂತು ಬರೆಯುವ ಪರೀಕ್ಷೆ. ಹಾಸ್ಟೆಲ್‌ನಲ್ಲಿ ಸಿಗ್ನಲ್ ಚೆನ್ನಾಗಿ ಸಿಗುವುದು ಸ್ಟೋರ್ ರೂಮಿನಲ್ಲಿ ಮಾತ್ರ. ಕೋಣೆ ಪೂರ್ತಿ ತೋರಿಸಿ ಅಂತ ಮೇಲ್ವಿಚಾರಕರು ಹೇಳಿದರು. ಲ್ಯಾಪ್‌ಟಾಪ್ ಎತ್ತಿ ಒಂದು ಸುತ್ತು ತಿರುಗಿಸಿದೆ: ಅಕ್ಕಿ ಮೂಟೆ, ಎಣ್ಣೆ ಡಬ್ಬ, ಈರುಳ್ಳಿ ಚೀಲ, ಮೂಲೆಯಲ್ಲಿ ತೂಕದ ಯಂತ್ರ. "ಕಿರಾಣಿ ಅಂಗಡಿಯಲ್ಲಿ ಕೂತಿದ್ದೀರಾ ಮೇಡಂ?" ಅಂತ ಹಿಂದಿಯಲ್ಲಿ ಕೇಳಿದರು. ಸದ್ದಾದರೆ ಪರೀಕ್ಷೆ ರದ್ದು ಅಂತ ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಆವತ್ತು ಅಕ್ಕ ಕುಕ್ಕರ್ ಇಡಲಿಲ್ಲ, ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸಿದರು. ರಾತ್ರಿ ಕಾವಲಿನ ಅಣ್ಣ ಡ್ಯೂಟಿ ಇಲ್ಲದಿದ್ದರೂ ಹಗಲು ಬಂದು ಕೂತರು. "ನೀವು ಓದ್ರಿ, ಬರೀರಿ. ಗೇಟ್ ನಾ ನೋಡ್ಕೊಂತೀನಿ" ಅನ್ನೋದು ಅವರು ಈ ಕೋರ್ಸ್ ಉದ್ದಕ್ಕೂ ಹೇಳಿದ ಮಾತು.

ಸಹಪಾಠಿಗಳಲ್ಲಿ ಮಣಿಪುರದ ಫುಟ್‌ಬಾಲ್ ಕೋಚ್ ಒಬ್ಬರನ್ನು ನೆನೆಯಬೇಕು. 2023ರ ಮೇ ತಿಂಗಳಲ್ಲಿ ಅಲ್ಲಿ ಗಲಭೆಯಾಗಿ ಇಂಟರ್‌ನೆಟ್ ಬಂದ್ ಆಯಿತು, ನಮ್ಮ ಗುಂಪಿನಲ್ಲಿ ಅವರ ಹೆಸರು ಕಾಣುವುದೇ ನಿಂತಿತು. ತಿಂಗಳುಗಳಾದ ಮೇಲೆ ಒಂದು ಸಂದೇಶ ಬಂತು. ಪರಿಹಾರ ಶಿಬಿರದಲ್ಲಿರುವ ಹುಡುಗರಿಗೆ ಸಂಜೆ ಆಟ ಆಡಿಸುತ್ತಿದ್ದೇನೆ, ಅಸೈನ್‌ಮೆಂಟ್ ಕೊನೆಯ ದಿನ ಯಾವತ್ತು ಅಂತ. ನೆಟ್‌ವರ್ಕ್ ಇಲ್ಲ ಅಂತ ಆವತ್ತಿನಿಂದ ನಾನು ಗೊಣಗಿಲ್ಲ.

ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಯುವಜನರ ಮಾರ್ಗದರ್ಶನಕ್ಕೆ ನಡೆಸುವ ಯುವ ಸ್ಪಂದನ ಕಾರ್ಯಕ್ರಮದ ಕಾರ್ಯಕರ್ತರು, ಅಂದರೆ ಯುವ ಪರಿವರ್ತಕರು, ನಮ್ಮ ಹಾಸ್ಟೆಲ್‌ಗೆ ಬಂದು ಹುಡುಗಿಯರ ಜೊತೆ ಕೂತು ಮಾತಾಡಿದರು. ಚೀಟಿಯಲ್ಲಿ ಎರಡು ಸಾಲು ಖಾಲಿ ಬಿಟ್ಟಿದ್ದ ಹುಡುಗಿ ಅವರ ಹತ್ತಿರ ಬಹಳ ಹೊತ್ತು ಮಾತಾಡಿದಳು. ಅವರಿಗೂ ಧನ್ಯವಾದ.

ಇನ್ನು ಮನೆ. ಅತ್ತೆಯವರು ಮೊದಲು "ಈ ವಯಸ್ಸಿನಾಗ ಯಾಕವ್ವಾ" ಅಂದಿದ್ದು ನಿಜ. ಆದರೆ ಮಗನ ಟಿಫಿನ್ ಡಬ್ಬಿ ಕಟ್ಟಿದ್ದು, ಹಬ್ಬದ ಕೆಲಸ ಪೂರ್ತಿ ಹೊತ್ತದ್ದು ಅವರೇ. ಊರಲ್ಲಿ ಯಾರಾದರೂ ಕೇಳಿದರೆ "ನಮ್ಮ ಸೊಸಿ ಯುನಿವರ್ಸಿಟಿ ಪರೀಕ್ಷೆ ಕಟ್ಯಾಳ" ಅಂತ ಈಗ ಜೋರಾಗಿ ಹೇಳುತ್ತಾರೆ. ನಮ್ಮನೆಯವರು ಕೋರ್ಸ್ ಫೀ ಕಟ್ಟಿದ್ದನ್ನು ಇನ್ನೂ ನೆನಪಿಸುತ್ತಿದ್ದಾರೆ. ಅವರಿಗೆ ಬೇರೆಯಾಗಿ ಹೇಳಿಕೊಳ್ಳುತ್ತೇನೆ.

ಕೋರ್ಸಿನ ಮುಖ್ಯ ಪಾಠಗಳ ನೋಟ್ಸ್ ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಬೇರೆ ಹಾಸ್ಟೆಲ್‌ನ ವಾರ್ಡನ್‌ಗಳು, ಎನ್‌ಎಸ್‌ಎಸ್ ನೋಡಿಕೊಳ್ಳುವ ಮೇಷ್ಟ್ರುಗಳು ಯಾರಿಗೆ ಬೇಕಾದರೂ ಕೇಳಿ, ಕಳಿಸುತ್ತೇನೆ. ಏಣಿಯ ಚಿತ್ರ ಮೊದಲ ಪುಟದಲ್ಲೇ ಇದೆ.

ಬರುವ ಭಾನುವಾರ ಮಧ್ಯಾಹ್ನ ಹಾಸ್ಟೆಲ್ ಅಂಗಳದಲ್ಲಿ ಹೋಳಿಗೆ ಊಟ ಇಟ್ಟುಕೊಂಡಿದ್ದೇವೆ. ಮೆನು ಆಹಾರ ಸಮಿತಿಯದು, ಖರ್ಚು ನನ್ನದು. ಬರುವವರು ಶುಕ್ರವಾರದೊಳಗೆ ಅಕ್ಕನಿಗೆ ತಿಳಿಸಿ, ಹಿಟ್ಟಿನ ಲೆಕ್ಕ ಅವರಿಗೆ ಬೇಕು. ಗೇಟಿನಲ್ಲಿ ರಿಜಿಸ್ಟರ್‌ಗೆ ಸಹಿ ಮಾಡಿಯೇ ಒಳಗೆ ಬನ್ನಿ. ಎಫ್‌ಡಿಎ ಸರ್ ಆದರೂ ಸರಿ, ಕಾವಲಿನ ಅಣ್ಣ ಹಾಗೇ ಬಿಡೋದಿಲ್ಲ.