ಶಾಲೆಯ ಕೈತೋಟವನ್ನು ಸಸಿಗಳ ಲೆಕ್ಕದಿಂದ ಬಿಡಿಸಿ

ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ,
ಜಿಲ್ಲಾ ಪಂಚಾಯತಿ, ಉತ್ತರ ಕನ್ನಡ, ಕಾರವಾರ

ಮಾನ್ಯರೇ,

ಅಂಕೋಲಾ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಅಭಿವೃದ್ಧಿ ಸಮಿತಿಯಲ್ಲಿ ಮೂರು ವರ್ಷ ಸದಸ್ಯನಾಗಿದ್ದ ಪಾಲಕ ನಾನು. ಕೈತೋಟದ ಮೂಲಕ ಮಕ್ಕಳಿಗೆ ಪರಿಸರದ ಪಾಠ ದಕ್ಕಬೇಕಾದರೆ, ಜೂನ್‌ನಲ್ಲಿ ಅವರು ಬಿತ್ತಿದ್ದು ಏಪ್ರಿಲ್ ರಜೆಯೊಳಗೆ ಮತ್ತೆ ಬೀಜವಾಗಿ ಅವರ ಕೈಗೆ ಬರಬೇಕು ಎಂಬ ಒಂದೇ ಮಾತನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ನಾವಾದರೋ ಜೂನ್ 5ರಂದು ಮರದ ಸಸಿಗಳನ್ನು ನೆಡಿಸಿ, ಫೋಟೊ ತೆಗೆದು, ನೆಟ್ಟ ಸಂಖ್ಯೆಯನ್ನು ಮೇಲಕ್ಕೆ ಕಳಿಸಿ ಕೈತೊಳೆದುಕೊಳ್ಳುತ್ತಿದ್ದೇವೆ. ಮಳೆಗಾಲದ ನಾಲ್ಕು ತಿಂಗಳು ಆ ಸಸಿಗೆ ಮಗುವಿನ ಅಗತ್ಯವೇ ಇರುವುದಿಲ್ಲ. ಅಗತ್ಯ ಬೀಳುವ ಏಪ್ರಿಲ್, ಮೇ ತಿಂಗಳಲ್ಲಿ ಮಗು ಶಾಲೆಯಲ್ಲಿ ಇರುವುದಿಲ್ಲ.

ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲೇ ಹೇಳಿದೆ. ಶಾಲಾ ಪೌಷ್ಟಿಕ ಕೈತೋಟಗಳಿಗೆ ಕೇಂದ್ರ ಸರ್ಕಾರದ ಮಾರ್ಗಸೂಚಿ 2019ರಲ್ಲಿ ಬಂದಿದೆ. ಆದ್ದರಿಂದ ಹೊಸ ಯೋಜನೆಯನ್ನೇನೂ ನಾನು ಕೇಳುತ್ತಿಲ್ಲ.

ನಾನು ಕಂಡದ್ದನ್ನು ಹೇಳುತ್ತೇನೆ. ಒಂದು ವರ್ಷ ನಮ್ಮ ಶಾಲೆಯ ಅಡುಗೆಕೋಣೆಯ ಹಿಂದೆ, ನೀರು ನಿಲ್ಲದಂತೆ ಮಣ್ಣು ಏರಿಸಿ, ಐದನೆಯ ತರಗತಿಯ ಮಕ್ಕಳು ಹೀರೆ, ಬೆಂಡೆ ಮತ್ತು ಹರಿವೆ ಹಾಕಿದ್ದರು. ಹೀರೆ ಚಪ್ಪರಕ್ಕೆ ಹಬ್ಬಿತು, ಮೊಗ್ಗು ಬಿಟ್ಟಿತು. ಆದರೆ ಬೆಳಿಗ್ಗೆ ಬಂದು ನೋಡಿದರೆ ಹೂವೆಲ್ಲ ಬಾಡಿ ಉದುರಿರುತ್ತಿದ್ದವು, ಒಂದೂ ಕಾಯಿ ಕಟ್ಟಲಿಲ್ಲ. ಮಕ್ಕಳ ಮುಖ ಬಾಡಿದ್ದನ್ನು ನೋಡಿ ಬಿಸಿಯೂಟದ ಅಡುಗೆಯಮ್ಮ, ‘ಮೊದಲು ಬರುವುದೆಲ್ಲ ಗಂಡು ಹೂವೇ ಮಕ್ಕಳೇ, ಬೆನ್ನಿಗೆ ಮರಿಕಾಯಿ ಹೊತ್ತ ಹೂ ಬರುವ ತನಕ ಕಾಯಿರಿ’ ಎಂದರು. ಹೀರೆಯ ಹೂ ಅರಳುವುದೇ ಸಂಜೆ, ಶಾಲೆಯ ಗಂಟೆ ಹೊಡೆದ ಮೇಲೆ. ಮಳೆ ಬಿಟ್ಟಿದ್ದ ಒಂದು ದಿನ ಆ ತರಗತಿಯ ಅಕ್ಕೋರು ಹತ್ತಿರದ ಮನೆಯ ಏಳೆಂಟು ಮಕ್ಕಳನ್ನು, ಪಾಲಕರಿಗೆ ಹೇಳಿ, ಕತ್ತಲಾಗುವವರೆಗೆ ಚಪ್ಪರದ ಬುಡದಲ್ಲಿ ಕೂರಿಸಿಕೊಂಡರು. ಹಳದಿ ಹೂಗಳು ಒಂದೊಂದಾಗಿ ಬಿಚ್ಚಿಕೊಂಡವು, ಸ್ವಲ್ಪ ಹೊತ್ತಿಗೆ ಪತಂಗಗಳು ಬಂದವು. ಪರಾಗಸ್ಪರ್ಶ ಎಂಬ ಪದವನ್ನು ಅಕ್ಕೋರು ಮರುದಿನ ಹಲಗೆಯ ಮೇಲೆ ಬರೆದಾಗ ಮಕ್ಕಳಿಗೆ ಅದನ್ನು ವಿವರಿಸಿ ಹೇಳುವ ಕೆಲಸವೇ ಉಳಿದಿರಲಿಲ್ಲ. ಬೀಜಕ್ಕೆಂದು ಬಳ್ಳಿಯಲ್ಲೇ ಬಿಟ್ಟ ಎರಡು ಕಾಯಿಗಳು ಒಣಗಿ, ಅಲ್ಲಾಡಿಸಿದರೆ ಗಲಗಲ ಎನ್ನುವಂತಾದ ಮೇಲೆ, ಆ ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ ಡಬ್ಬಿಗೆ ಹಾಕಿಟ್ಟರು.

ಮರುವರ್ಷ ಶಾಲೆ ತೆರೆದಾಗ ಆ ಜಾಗದಲ್ಲಿ ಇಂಟರ್‌ಲಾಕ್ ಕಲ್ಲು ಹಾಸಿ, ಅಂಚಿಗೆ ಕ್ರೋಟನ್ ಕುಂಡಗಳನ್ನು ಇಡಲಾಗಿತ್ತು. ಅನುದಾನ ಬಂದಿತ್ತು, ಅಂಗಳ ಚೊಕ್ಕಟವಾಗಿ ಕಾಣಬೇಕಿತ್ತು. ಸಮಿತಿಯಲ್ಲಿದ್ದೂ ತಡೆಯಲಾಗದ ನನ್ನದೂ ಅದರಲ್ಲಿ ತಪ್ಪಿದೆ. ಬೀಜದ ಡಬ್ಬಿ ಎಲ್ಲಿ ಹೋಯಿತೋ ಯಾರಿಗೂ ತಿಳಿಯಲಿಲ್ಲ. (ಕ್ರೋಟನ್ನಿನ ಮೇಲೆ ನನಗೆ ದ್ವೇಷವಿಲ್ಲ, ಆದರೆ ಅದು ಬಿಸಿಯೂಟದ ಸಾರಿಗೆ ಬೀಳುವುದಿಲ್ಲ.)

ಅದೇ ತೋಟದಲ್ಲಿ ಮಕ್ಕಳು ಒಂದು ಏರಿಗೆ ದರಕು, ಅಂದರೆ ಒಣಗಿದ ಎಲೆ, ಹೊದೆಸಿ, ಇನ್ನೊಂದನ್ನು ಬರಿದೇ ಬಿಟ್ಟಿದ್ದರು. ಜೋರು ಮಳೆಯಲ್ಲಿ ಬರಿದಾದ ಏರಿಯಿಂದ ಕೆಂಪು ನೀರು ಇಳಿಯಿತು, ಹೊದಿಕೆ ಇದ್ದದ್ದರಿಂದ ಬಹುಪಾಲು ತಿಳಿನೀರು. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ಕಂಡು ಕೇಳಿ ಬೆಳೆಯುತ್ತಿರುವ ಈ ತಾಲ್ಲೂಕಿನ ಮಕ್ಕಳಿಗೆ, ಮಣ್ಣನ್ನು ಹಿಡಿದಿಡುವುದು ಯಾವುದು ಎಂಬ ಪ್ರಶ್ನೆ ಪರೀಕ್ಷೆಗಾಗಿ ಕೇಳುವ ಪ್ರಶ್ನೆಯಲ್ಲ.

ಕಲಿಸುವವರಿಗೂ ನಮ್ಮಲ್ಲಿ ಬರವಿಲ್ಲ. ಹೊನ್ನಳ್ಳಿಯ ತುಳಸಿ ಗೌಡರು ಅಕ್ಷರ ಕಲಿಯದೆ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದುಡಿದು, ಯಾವ ತಾಯಿಮರದ ಬೀಜವನ್ನು ಯಾವಾಗ ಆಯಬೇಕೆಂಬುದನ್ನು ಬಲ್ಲವರಾಗಿದ್ದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು, 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಅಂಕೋಲೆ, ಕುಮಟೆಯ ಪೇಟೆಗೆ ತರಕಾರಿ ಬುಟ್ಟಿ ಹೊತ್ತು ತರುವ ಹಾಲಕ್ಕಿ ಸಮುದಾಯದ ಮಹಿಳೆಯರಲ್ಲಿ ಬೀಜ ಆಯುವ, ಕಾಪಿಡುವ ಆ ಬಗೆಯ ತಿಳಿವಳಿಕೆ ಇಂದಿಗೂ ಇದೆ. ಇವರಲ್ಲಿ ಒಬ್ಬರನ್ನು ತಿಂಗಳಿಗೊಮ್ಮೆ ಗೌರವಧನ ಕೊಟ್ಟು ಶಾಲೆಗೆ ಕರೆಸುವ ವ್ಯವಸ್ಥೆ ಮಾಡಿದರೆ, ಬೀಜವೂ ಅವರಿಂದಲೇ ಬರುತ್ತದೆ. ಬಣ್ಣದ ಪೊಟ್ಟಣಗಳಲ್ಲಿ ಬರುವ ಹೈಬ್ರಿಡ್ ಬೀಜದಿಂದ ಮರುವರ್ಷದ ಬಿತ್ತನೆಗೆ ಅದೇ ಗುಣದ ಬೀಜ ಸಿಗದು.

ಆದ್ದರಿಂದ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಶಾಲೆಗಳಿಂದ ನೆಟ್ಟ ಸಸಿಗಳ ಸಂಖ್ಯೆಯನ್ನು ಕೇಳುವ ನಮೂನೆಯಲ್ಲಿ, ಶಾಲೆ ಈ ವರ್ಷ ಯಾವ ಯಾವ ಬೀಜ ಉಳಿಸಿಕೊಂಡಿತು ಎಂಬ ಕಾಲಮ್ಮೊಂದನ್ನು ಸೇರಿಸಬೇಕು. ವಾರಕ್ಕೊಂದು ಅವಧಿಯನ್ನು ವೇಳಾಪಟ್ಟಿಯಲ್ಲೇ ತೋಟಕ್ಕೆ ಮೀಸಲಿಡಬೇಕು. ಇಲ್ಲವಾದರೆ ಅದು ಆಟದ ಅವಧಿಯನ್ನು ನುಂಗುತ್ತದೆ, ಮಕ್ಕಳು ತೋಟವನ್ನೇ ಶಪಿಸುತ್ತಾರೆ. ಮಕ್ಕಳು ಊಟದ ತಟ್ಟೆ ತೊಳೆದ ನೀರು ಚರಂಡಿಗೆ ಹೋಗುವ ಬದಲು ಏರಿಗಳಿಗೆ ಹರಿಯುವಂತೆ ಒಂದು ಕಾಲುವೆ, ದನ ನುಗ್ಗದಂತೆ ಒಂದು ಗಟ್ಟಿ ಬೇಲಿ ಗ್ರಾಮ ಪಂಚಾಯತಿಗೆ ಭಾರವಾಗಲಾರದು. ತೋಟದ ವಿನ್ಯಾಸವನ್ನು ಮಾತ್ರ ದಯವಿಟ್ಟು ಜಿಲ್ಲೆಗೆಲ್ಲ ಒಂದೇ ಎಂದು ನಿಗದಿಪಡಿಸಬೇಡಿ. ಗಂಗಾವಳಿಯ ದಡದ ಉಸುಕು ಮಣ್ಣಿಗೆ ಒಗ್ಗಿದ್ದು ಶಿರಸಿಯ ಜಂಬಿಟ್ಟಿಗೆ ನೆಲಕ್ಕೆ ಒಗ್ಗುವುದಿಲ್ಲ.

ಕರಾವಳಿಯಲ್ಲಿ ಮಿರ್ಗ, ಅಂದರೆ ಮೃಗಶಿರಾ ಮಳೆ, ಹಿಡಿಯುವುದು ಜೂನ್ 8ರ ಸುಮಾರಿಗೆ. ಅದಕ್ಕೆ ಮೊದಲು ನೆಲ ಅಗೆದು, ಗೊಬ್ಬರ ಸೇರಿಸಿ, ಏರಿ ಕಟ್ಟಿ ಮುಗಿದಿರಬೇಕು. ತಮ್ಮ ಸುತ್ತೋಲೆ ಶಾಲೆ ತೆರೆದ ಮೇಲೆ ಬಂದರೆ ತಡವಾಗುತ್ತದೆ. ಮೇ ಮೂರನೆಯ ವಾರದೊಳಗೆ ಅದು ಮುಖ್ಯಾಧ್ಯಾಪಕರ ಮತ್ತು ಗ್ರಾಮ ಪಂಚಾಯತಿಯ ಕೈ ಸೇರುವಂತೆ ಮಾಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಅಂಕೋಲಾ ತಾಲ್ಲೂಕಿನ ಒಬ್ಬ ಪಾಲಕ