ಪುಟ್ಟಿಗೆ, ಬೀಗದ ಕೈ ಸಿಗುವ ಮೊದಲು

ಚಿತ್ರದುರ್ಗ
ಮಂಗಳವಾರ ರಾತ್ರಿ

ಪುಟ್ಟಿ,

ಭಾನುವಾರ ಫೋನಿನಲ್ಲಿ ಆದದ್ದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಮತ್ತೆ ಇಲ್ಲಿ ಎತ್ತುವುದಿಲ್ಲ. ಎರಡು ದಿನದಿಂದ ನಿನ್ನಮ್ಮ ಚಹಾ ಕೊಡುವಾಗ ಲೋಟವನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದಾಳೆ, ಅಷ್ಟು ಹೇಳಿದರೆ ಸಾಕು. ಫೋನ್ ಮಾಡಿದರೆ ಮತ್ತೆ ದನಿ ಏರುತ್ತದೆ ಅಂತ ಬರೆಯುತ್ತಿದ್ದೇನೆ. ಬರೆಯೋದು ನನ್ನ ಕಸುಬು. ಕಾಗದದ ಮೇಲೆ ನಾನು ಯಾರಿಗೂ ಕೂಗಾಡಿದವನಲ್ಲ.

ಮೊದಲು ಒಂದು ಮಾತು. ನೀನು ಕೊಳ್ಳುತ್ತಿರುವ ಮನೆಗೆ 68 ಲಕ್ಷ ಅಂತ ಕೂತಿದ್ದವರನ್ನು 62ಕ್ಕೆ ತಂದು ನಿಲ್ಲಿಸಿದೆಯಲ್ಲ, ಅದು ನನ್ನ ಕೈಲಿ ಆಗುತ್ತಿರಲಿಲ್ಲ. 38 ವರ್ಷ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಕೂತು ಬೇರೆಯವರ ಕ್ರಯಪತ್ರ ಬರೆದಿದ್ದೇನೆ. ಕೊಳ್ಳುವವರ ಜಾಗದಲ್ಲಿ ಹೆಂಗಸರ ಹೆಸರು ಬೇಕಾದಷ್ಟು ಬರೆದಿದ್ದೇನೆ. ಆದರೆ ಜಾಸ್ತಿ ಸಲ ಹೆಸರು ಹೆಂಡತಿಯದು, ದುಡ್ಡು ಗಂಡನದು. ನಿನ್ನದು ನಿನ್ನ ಸಂಬಳ, ನಿನ್ನ ಸಾಲ, ನಿನ್ನ ಸಹಿ. ಸೋಮವಾರ ಆಫೀಸಿನ ಎದುರಿನ ಚಹಾ ಅಂಗಡಿಯಲ್ಲಿ ಇದನ್ನು ನಾಲ್ಕು ಜನಕ್ಕೆ ಹೇಳಿದೆ. ಹಿಂದಿನ ದಿನ ನಿನಗೆ ಬುದ್ಧಿ ಇಲ್ಲ ಅಂದವನೂ ನಾನೇ.

ಈಗ ಆ ಎರಡು ತಿಂಗಳ ವಿಷಯ. ರಿಜಿಸ್ಟ್ರೇಷನ್ ಆದ ಮೇಲೂ ಎರಡು ತಿಂಗಳು ಅಲ್ಲೇ ಇರುತ್ತೇವೆ, ಬೆಂಗಳೂರಿನಲ್ಲಿ ಮಗನ ಫ್ಲ್ಯಾಟ್ ಇನ್ನೂ ಸಿದ್ಧವಾಗಿಲ್ಲ ಅಂತ ಮನೆ ಮಾರುವ ಆ ಹಿರಿಯರು ಕೇಳಿದರು. ನೀನು "ಇರಲಿ ಬಿಡಿ ಆಂಟಿ" ಅಂದೆ. ಅವರು ಒಳ್ಳೆಯವರೇ ಇರಬಹುದು. ನಾನು ಹೇಳಹೊರಟಿರುವುದು ಅವರ ಬಗ್ಗೆ ಅಲ್ಲ. ನಿನ್ನ ಅಜ್ಜಿಯ ಬಗ್ಗೆ.

ಈ ಮನೆ ನಾವು ಕೊಂಡದ್ದು 1998ರಲ್ಲಿ. ನಿನಗೆ ಆಗ ಮೂರು ವರ್ಷ. ಮಾರಿದವರು ನನಗೆ ಬೇಕಾದವರು. ನನ್ನ ಟೇಬಲ್ಲಿಗೆ ಎಷ್ಟೋ ಗಿರಾಕಿಗಳನ್ನು ಕಳಿಸಿದ್ದ ಹಿರಿಯರು. ಪತ್ರ ನಾನೇ ಬರೆದೆ. ಕ್ರಯಪತ್ರದಲ್ಲಿ ಒಂದು ಸಾಲು ಬರುತ್ತದೆ: "ಸದರಿ ಸ್ವತ್ತನ್ನು ಈ ದಿವಸವೇ ನಿಮ್ಮ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇನೆ." ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಆ ಸಾಲನ್ನು ತಪ್ಪಿಲ್ಲದೆ ಹೇಳುತ್ತೇನೆ. ಅವತ್ತು ಅದನ್ನು ನನ್ನ ಮನೆಗೆ ನಾನೇ ಬರೆದುಕೊಂಡೆ. ಪೂರ್ತಿ ಹಣ ಎಣಿಸಿ ಕೊಟ್ಟೆ. ಅವರು ಹೆಬ್ಬೆಟ್ಟಿನ ಮಸಿ ಒರೆಸಿಕೊಳ್ಳುತ್ತಾ ಅಂದರು, "ಒಂದೇ ಒಂದು ಕೋಣೆ. ಒಂದು ತಿಂಗಳು. ಸಾಮಾನು ಇಡೋಕೆ ಜಾಗ ಇಲ್ಲ ಕಣಪ್ಪ." ನಾನು "ಅದಕ್ಕೇನಂತೆ" ಅಂದೆ. ನೀನು ಆಂಟಿಗೆ ಅಂದ ಹಾಗೇ.

ಈಗ ನಿನ್ನಮ್ಮ ಹೊಲಿಗೆ ಮಿಷನ್ ಇಟ್ಟಿರುವ ಕೋಣೆ ಅದು. ಬೆಳಗಿನ ಬಿಸಿಲು ಬೀಳುವುದು ಅದೊಂದರಲ್ಲೇ. ಅದಕ್ಕೆ ಹಿತ್ತಾಳೆ ಬೀಗ ಹಾಕಿ ಹೋದರು. ಹನ್ನೊಂದು ತಿಂಗಳು ತೆಗೆಯಲಿಲ್ಲ.

ಅವ್ವನಿಗೆ ಆ ಹೊತ್ತಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋಗಿತ್ತು. ಆ ಕೋಣೆ ಅವಳಿಗೆ ಅಂತಲೇ ಈ ಮನೆ ನೋಡಿದ್ದು. ಅವಳ ಕಬ್ಬಿಣದ ಮಂಚವನ್ನು ಪಡಸಾಲೆಯಲ್ಲಿ, ಬೀದಿ ಬಾಗಿಲಿಗೆ ತಾಗಿಸಿ ಹಾಕಿದೆವು. ಯಾರಾದರೂ ಬಂದರೆ ನಿನ್ನಮ್ಮ ಹಳೆ ಸೀರೆ ಅಡ್ಡ ಕಟ್ಟುತ್ತಿದ್ದಳು. ಆಷಾಢದಲ್ಲಿ ನಮ್ಮ ದುರ್ಗದ ಗಾಳಿ ಗೊತ್ತಲ್ಲ, ಬಾಗಿಲ ಸಂದಿಯಲ್ಲಿ ಧೂಳು ನುಗ್ಗಿ ಅವಳ ದುಪ್ಪಟಿ ಮೇಲೆ ಕೂರುತ್ತಿತ್ತು. ನೀನು ಬೀಗ ಹಾಕಿದ ಬಾಗಿಲ ಕೆಳಗೆ ಕಣ್ಣಿಟ್ಟು "ಅಪ್ಪಾ, ಒಳಗೆ ಯಾರೋ ಇದ್ದಾರೆ" ಅನ್ನುತ್ತಿದ್ದೆ. ಇಲಿಗಳು ಕಣೇ.

ಒಂದು ದಿನ ಅವ್ವ ಕೇಳಿದಳು, "ಆ ಕೋಣೆ ಯಾರದೋ?" ನಮ್ಮದೇ ಅವ್ವ ಅಂದೆ. "ಹಂಗಾರೆ ಬೀಗ ಯಾಕೆ?" ಮಾತು ತೊದಲುತ್ತಿತ್ತು, ಆದರೂ ಅದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ನಾನು ಚಪ್ಪಲಿ ಮೆಟ್ಟಿ ಹೊರಗೆ ಹೋದೆ.

ಇದನ್ನು ಆಮೇಲೆ ಮುಂದುವರಿಸುತ್ತೇನೆ. ಕಾಗದಪತ್ರದ ಮಾತು ಹೇಳಿಬಿಡುತ್ತೇನೆ. ಭಾಷಣ ಅಂತ ನೀನು ನಗುತ್ತೀಯ, ನಗು.

ನೀನು ಫೋನಿನಲ್ಲೇ ಕಳಿಸಿದ 50,000 ಮುಂಗಡ ಅಂತ ಅವರಿಂದ ಬರೆಸಿಕೊಂಡಿದ್ದೀಯಾ? ಇಲ್ಲದಿದ್ದರೆ ಇವತ್ತೇ ಬರೆಸಿಕೋ. ಕ್ರಯದ ಕರಾರಿನಲ್ಲಿ ಎರಡು ಮಾತು ಇರಲೇಬೇಕು. ಕಾಗದಪತ್ರದಲ್ಲಿ ದೋಷ ಕಂಡರೆ ಮುಂಗಡ ವಾಪಸ್, ಬ್ಯಾಂಕು ಸಾಲ ಕೊಡದಿದ್ದರೂ ವಾಪಸ್. ಮತ್ತೆ, ಕರಾರು ಆಯಿತು ಅಂದರೆ ಮನೆ ನಿನ್ನದಾಯಿತು ಅಂತಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಹೇಳುತ್ತದೆ, ಕರಾರಿನಿಂದ ಸ್ವತ್ತಿನಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಕ್ರಯಪತ್ರ ನೋಂದಣಿ ಆಗಬೇಕು.

ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದ್ದೇನೆ, ಏನೂ ಇಲ್ಲ ಅಂತ ನೀನು ಅಂದೆ. ಇ.ಸಿ.ಯಲ್ಲಿ ಕಾಣುವುದು ನೋಂದಣಿ ಆದದ್ದು ಮಾತ್ರ ಕಣಮ್ಮ. ಬಾಯಿಮಾತಿನ ಕರಾರು ಕಾಣುವುದಿಲ್ಲ. ಮೂಲಪತ್ರ ಬ್ಯಾಂಕಿನಲ್ಲಿಟ್ಟು ತಂದ ಸಾಲವೂ ಕೆಲವು ಸಲ ಕಾಣುವುದಿಲ್ಲ. ಅದಕ್ಕೇ ಜೆರಾಕ್ಸ್ ನೋಡಿ ಸುಮ್ನೆ ಆಗಬೇಡ, ಮೂಲಪತ್ರ ಕೈಯಲ್ಲಿ ಹಿಡಿದು ನೋಡು. ಅವರಿಗೆ ಸಾಲ ಬಾಕಿ ಇದ್ದರೆ ನಿನ್ನ ಬ್ಯಾಂಕಿನಿಂದ ನೇರವಾಗಿ ಅವರ ಬ್ಯಾಂಕಿಗೆ ಹಣ ಹೋಗಲಿ. ಸಾಲ ತೀರಿದ 30 ದಿನದೊಳಗೆ ಮೂಲಪತ್ರ ವಾಪಸ್ ಕೊಡಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶ ಮಾಡಿದೆ. ಆ ಸೈಟು ಅವರಿಗೆ ಹೇಗೆ ಬಂತು ಅನ್ನುವುದನ್ನೂ ಕೇಳು. ಸ್ವಂತ ದುಡಿಮೆಯದಾದರೆ ಸರಿ. ಪಿತ್ರಾರ್ಜಿತ ಆದರೆ ವಂಶವೃಕ್ಷ ತರಿಸು, ಅಕ್ಕತಂಗಿಯರ ಸಹಿ ಬೇಕು. ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲಿನ ಕಾನೂನು 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಆದರೂ "ಅವರಿಗೆ ಮದುವೆ ಮಾಡಿ ಕೊಟ್ಟಾಯ್ತಲ್ಲ ಸ್ವಾಮಿ" ಅನ್ನುವವರು ಇವತ್ತಿಗೂ ನನ್ನ ಟೇಬಲ್ಲಿಗೆ ಬರುತ್ತಾರೆ. ಆ ಸಹಿ ಬಿಟ್ಟುಹೋದ ಮನೆ ಕೊಂಡವರು ಕೋರ್ಟಿನ ಮೆಟ್ಟಿಲು ಸವೆಸುತ್ತಾರೆ.

ಇ-ಖಾತೆ, ಅಂದರೆ ಆನ್‌ಲೈನ್ ಖಾತೆ, ಇಲ್ಲದೆ ಈಗ ರಿಜಿಸ್ಟ್ರೇಷನ್ನೇ ಆಗುವುದಿಲ್ಲ. ಪಾಲಿಕೆಯ ಇ-ಖಾತೆಯಲ್ಲಿರುವ ಅಳತೆಗೂ ಪತ್ರದ ಅಳತೆಗೂ ತಾಳೆ ನೋಡು. ಆಮೇಲೆ ಅಳಿಯಂದಿರನ್ನು ಕರೆದುಕೊಂಡು ಟೇಪು ಹಿಡಿದು ಅಳೆ. ಚಕ್ಕುಬಂದಿ, ಅಂದರೆ ಪತ್ರದಲ್ಲಿ ಬರೆದ ನಾಲ್ಕು ದಿಕ್ಕಿನ ಗಡಿ, ಓದುತ್ತಾ ಮನೆಯ ನಾಲ್ಕೂ ಕಡೆ ನಡೆ. ಪೂರ್ವಕ್ಕೆ ರಸ್ತೆ ಅಂತ ಬರೆದಿದ್ದರೆ ಪೂರ್ವಕ್ಕೆ ರಸ್ತೆ ಇರಬೇಕು. ಇದು ಎಂಥ ಹುಚ್ಚು ಅನ್ನಿಸುತ್ತದೆ ಅಲ್ವಾ? ಒಂದು ಪತ್ರದಲ್ಲಿ ಪೂರ್ವ ಪಶ್ಚಿಮ ಅದಲು ಬದಲಾಗಿ, ತಿದ್ದುಪಡಿ ಪತ್ರಕ್ಕೆ ಸಹಿ ಹಾಕಿಸಲು ಮಾರಿದವರನ್ನು ಹುಡುಕಿಕೊಂಡು ನಾನು ಹಿರಿಯೂರಿನ ತನಕ ಬಸ್ಸಿನಲ್ಲಿ ಹೋಗಿದ್ದೇನೆ. ತಪ್ಪು ನನ್ನದೇ.

ದುಡ್ಡಿನ ಲೆಕ್ಕ ನಿನಗೆ ಹೇಳಿಕೊಡಬೇಕಾಗಿಲ್ಲ, ಆದರೂ ಹೇಳುತ್ತೇನೆ. ಮುದ್ರಾಂಕ ಶುಲ್ಕ 5 ಪರ್ಸೆಂಟ್, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ಪಟ್ಟಣದಲ್ಲಿ 5.6. ನೋಂದಣಿ ಶುಲ್ಕ 1 ಇದ್ದದ್ದು 2025ರ ಆಗಸ್ಟ್ 31ರಿಂದ 2 ಆಗಿದೆ. 62 ಲಕ್ಷಕ್ಕೆ ಎರಡೂ ಸೇರಿ 4,71,200. ಸರ್ಕಾರದ ಮಾರ್ಗಸೂಚಿ ಬೆಲೆ ಅದಕ್ಕಿಂತ ಜಾಸ್ತಿ ಇದ್ದರೆ ಅದರ ಮೇಲೆ ಲೆಕ್ಕ. ಬ್ಯಾಂಕಿನವರು ಇಷ್ಟು ಬೆಲೆಗೆ 80 ಪರ್ಸೆಂಟ್ ಮೀರಿ ಕೊಡುವುದಿಲ್ಲ, ಶುಲ್ಕವನ್ನು ಮನೆಯ ಬೆಲೆಗೆ ಸೇರಿಸಿಕೊಳ್ಳುವುದೂ ಇಲ್ಲ. ಅಂದರೆ ನಿನ್ನ ಕೈಯಿಂದಲೇ 17 ಲಕ್ಷದ ಮೇಲೆ ಬೇಕು. ಬೆಲೆ 50 ಲಕ್ಷ ದಾಟಿರುವುದರಿಂದ 1 ಪರ್ಸೆಂಟ್, ಅಂದರೆ 62,000, ಅವರಿಗೆ ಕೊಡುವ ಹಣದಲ್ಲಿ ಹಿಡಿದು ತೆರಿಗೆ ಇಲಾಖೆಗೆ ಕಟ್ಟಬೇಕು. ಅದು ಕೊಳ್ಳುವವರ ಕೆಲಸ, ಮರೆತರೆ ನೋಟಿಸು ಬರುವುದು ನಿನಗೆ. ಪತ್ರದಲ್ಲಿ ಬೆಲೆ ಕಡಿಮೆ ತೋರಿಸೋಣ ಅಂತ ಯಾರಾದರೂ ಅಂದರೆ ಎದ್ದು ಬಂದುಬಿಡು. ಸಾಲದು ಅಂದರೆ ನಮ್ಮದು ಒಂದು ಎಫ್.ಡಿ. ಇದೆ. ನೀನು ಕೇಳುವುದಿಲ್ಲ ಅಂತ ಗೊತ್ತು, ಅದಕ್ಕೇ ನಾನೇ ಹೇಳುತ್ತಿದ್ದೇನೆ.

ಇದೆಲ್ಲವನ್ನೂ ನಾನು 1998ರಲ್ಲಿ ಸರಿಯಾಗಿಯೇ ಮಾಡಿದ್ದೆ ಪುಟ್ಟಿ. ಇ.ಸಿ., ಖಾತೆ, ಕಂದಾಯದ ರಸೀದಿ, ಚಕ್ಕುಬಂದಿ, ಒಂದಕ್ಷರ ತಪ್ಪಿರಲಿಲ್ಲ. ಆರು ಸಲ ಅವರ ಮನೆಗೆ ಹೋದೆ. ಆರು ಸಲವೂ ಕಾಫಿ ಕೊಟ್ಟರು. ಕುಡಿದು ವಾಪಸ್ ಬಂದೆ. ಒಂದು ಸಲ ಬೀಗದ ಮಾತೇ ಎತ್ತಲಿಲ್ಲ, ಅವರ ಮೊಮ್ಮಗನ ನಾಮಕರಣದ ದಿನ ನೋಡಿಕೊಟ್ಟು ಬಂದೆ. ಪೂರ್ತಿ ಹಣ ಕೊಟ್ಟಾದ ಮೇಲೆ ನನ್ನ ಕೈಯಲ್ಲಿ ಇನ್ನೇನಿತ್ತು? ಬೀಗ ಒಡೆಯಬಹುದಿತ್ತು ಅಂತ ನಿನ್ನಮ್ಮ ಈಗಲೂ ಅನ್ನುತ್ತಾಳೆ. ಮುಖ ಮುರಿಯುವುದಕ್ಕೆ ಆಗಲಿಲ್ಲ. ಗಿರಾಕಿ ಕಳಿಸುತ್ತಿದ್ದವರು, ಅದೂ ಒಂದು ಕಾರಣ. ಅದನ್ನು ಇವತ್ತಿನ ತನಕ ಯಾರಿಗೂ ಹೇಳಿಲ್ಲ.

ಅವ್ವ ಮಾಘದಲ್ಲಿ ಹೋದಳು. ಪಡಸಾಲೆಯಲ್ಲೇ. ಬೀಗ ತೆಗೆದದ್ದು ಯುಗಾದಿ ಹಿಂದಿನ ದಿನ. ಒಳಗೆ ಏನಿತ್ತು ಗೊತ್ತಾ? ಇಲಿ ತಿಂದು ಸಿಪ್ಪೆ ಮಾಡಿದ್ದ ಏಳು ಮೂಟೆ ಶೇಂಗಾ, ಕಾಲು ಮುರಿದ ಒಂದು ತೊಟ್ಟಿಲು, ಒಂದು ಒರಳುಕಲ್ಲು. ನಿನ್ನಮ್ಮ ಕಸ ಗುಡಿಸಿ ನೆಲ ತೊಳೆದಳು. ನಾನು ಕಿಟಕಿ ತೆಗೆದೆ. ಒಳಗೆ ಬಿದ್ದ ಬಿಸಿಲು ಸರಿಯಾಗಿ ಒಂದು ಮಂಚದಷ್ಟು ಉದ್ದ ಇತ್ತು.

ಅಜ್ಜಿಗೆ ಬೀದಿ ನೋಡೋದು ಇಷ್ಟ, ಅದಕ್ಕೇ ಪಡಸಾಲೆಯಲ್ಲಿ ಮಲಗುತ್ತಿದ್ದಳು ಅಂತ ನಿನಗೆ ಹೇಳಿಕೊಂಡು ಬಂದಿದ್ದೇನೆ. ನೀನೂ ನಿನ್ನ ಮಗನಿಗೆ ಅದೇ ಕಥೆ ಹೇಳುವುದನ್ನು ಹೋದ ದಸರಾದಲ್ಲಿ ಕೇಳಿಸಿಕೊಂಡೆ. ಅದು ಸುಳ್ಳು. ಭಾನುವಾರ ನೀನು ಎರಡು ತಿಂಗಳು ಅಂದಾಗ ನಾನು ಕೂಗಿದ್ದು ನಿನ್ನ ಮೇಲೆ ಅಲ್ಲ ಅಂತ ಹೇಳಿದರೆ ನಂಬುತ್ತೀಯೋ ಇಲ್ಲವೋ. ಆದರೂ ಕೂಗಿದ್ದು ನಿನಗೇ ಕೇಳಿಸಿದ್ದು. ತಪ್ಪಾಯಿತು.

ಆ ಹಿರಿಯರನ್ನು ಬೀದಿಗೆ ಹಾಕು ಅಂತ ನಾನು ಹೇಳುತ್ತಿಲ್ಲ. ಎರಡು ತಿಂಗಳು ಬೇಕೇ ಬೇಕು ಅಂದರೆ ರಿಜಿಸ್ಟ್ರೇಷನ್ನನ್ನೇ ಎರಡು ತಿಂಗಳು ಮುಂದಕ್ಕೆ ಹಾಕೋಣ. ಕರಾರಿನ ಅವಧಿ ಬೆಳೆಸಿ ಬರೆಯುತ್ತೇನೆ. ಬ್ಯಾಂಕಿನ ಮಂಜೂರಾತಿಗೂ ಒಂದು ಅವಧಿ ಇರುತ್ತದೆ, ಅದನ್ನು ಮೊದಲು ಕೇಳಿಕೋ. ಹಣ ಪೂರ್ತಿ ಕೊಟ್ಟು ಅವರನ್ನು ಒಳಗೆ ಬಿಟ್ಟರೆ ಅತ್ತ ಸಾಲದ ಕಂತು, ಇತ್ತ ನೀನಿರುವ ಮನೆಯ ಬಾಡಿಗೆ, ಎರಡೂ ನಿನ್ನ ತಲೆಗೆ. ಅದೂ ಆಗಲ್ಲ ಅಂದರೆ ಎರಡು ತಿಂಗಳಿಗೆ ಬಾಡಿಗೆ ಪತ್ರ ಬೇರೆ ಬರೆಯೋಣ, ಬಿಡುವ ತಾರೀಖು ಹಾಕಿ, ಬಾಡಿಗೆ ಹಾಕಿ. ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಹೆದರಬೇಡ. ನಮ್ಮಪ್ಪ ಹಳೇಕಾಲದವನು, ಕೇಳುವುದಿಲ್ಲ ಆಂಟಿ ಅಂತ ನನ್ನ ಮೇಲೆ ಹಾಕು. ಅವರ ಕಾಫಿ ಕುಡಿಯುತ್ತಲೇ ಹೇಳಬಹುದು. ನನಗೆ ಬರಲಿಲ್ಲ, ನಿನಗೆ ಬರುತ್ತದೆ. ಆರು ಲಕ್ಷ ಇಳಿಸಿದವಳು ನೀನು.

ಬೀಗದ ಕೈ ತೆಗೆದುಕೊಳ್ಳುವ ದಿನ ಹಗಲು ಹೊತ್ತಿನಲ್ಲಿ ಹೋಗು. ಎಲ್ಲ ಕೋಣೆಯ ಬಾಗಿಲು ನೀನೇ ತೆಗೆದು ನೋಡು, ಅಟ್ಟ, ಮೆಟ್ಟಿಲ ಕೆಳಗಿನ ಗೂಡು ಕೂಡ. ಬೆಸ್ಕಾಂ ಮೀಟರಿನ ಫೋಟೊ ತೆಗೆದುಕೋ. ನೀರಿನ ಬಾಕಿ, ಕಂದಾಯದ ರಸೀದಿ ಕೇಳಿ ತೆಗೆದುಕೋ. ಖಾತೆ ತಾನಾಗಿ ಆಗುತ್ತೆ ಅಂದುಕೊಂಡು ಬಿಡಬೇಡ, ನಿನ್ನ ಹೆಸರಿಗೆ ಬಂತಾ ಅಂತ ಹಿಂದೆ ಬಿದ್ದು ನೋಡು. ಹಾಲುಕ್ಕಿಸುವುದು ಆಮೇಲೆ.

ನಿನ್ನ ಕ್ರಯಪತ್ರದ ಕರಡು ಬರೆದಿಟ್ಟಿದ್ದೇನೆ. ಗಂಡು ಮಕ್ಕಳ ಹೆಸರಿನ ಮುಂದೆ "ಬಿನ್" ಅಂತ ಬರೆದು ಅಪ್ಪನ ಹೆಸರು ಹಾಕುತ್ತೇವೆ. ನಿನ್ನ ಹೆಸರಿನ ಮುಂದೆ "ಕೋಂ" ಬಂತು, ಅಳಿಯಂದಿರ ಹೆಸರು ಬಂತು. ನನ್ನದು ಕೊನೆಯ ಪುಟದ ತಳದಲ್ಲಿ, ಪತ್ರ ಬರೆದವರ ಜಾಗದಲ್ಲಿ, "ಬಿಕ್ಕಲಂ" ಅಂತ. ಪರವಾಗಿಲ್ಲ, ನಿನ್ನ ಪತ್ರದಲ್ಲಿ ಎಲ್ಲೋ ಒಂದು ಕಡೆ ಇದ್ದೇನಲ್ಲ. "ಪುತ್ರ ಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು" ಅಂತ ಒಂದು ಮಾತು ಎಲ್ಲ ಪತ್ರದಲ್ಲೂ ಬರುತ್ತದೆ. ಇಷ್ಟು ವರ್ಷ ಯೋಚನೆ ಮಾಡದೆ ಬರೆದಿದ್ದೆ. ನಿನ್ನದರಲ್ಲಿ "ಮಕ್ಕಳು ಮೊಮ್ಮಕ್ಕಳು" ಅಂತ ತಿದ್ದಿದ್ದೇನೆ. ಯಾರೂ ಆಕ್ಷೇಪ ಮಾಡಲಾರರು.

ಸ್ವಾಧೀನದ ಸಾಲಿನಲ್ಲಿ ತಾರೀಖು ಖಾಲಿ ಬಿಟ್ಟಿದ್ದೇನೆ. ಅವರು ಖಾಲಿ ಮಾಡುವ ದಿನ ಗೊತ್ತಾದ ಮೇಲೆ ಫೋನ್ ಮಾಡು, ತುಂಬುತ್ತೇನೆ.

ನಿನ್ನ ಅಪ್ಪ