ಒಂದು ಚಿಪ್ಪು ನಂಬಿ ವಯಸ್ಸು ಬರೆಯಬೇಡ

ಅಕ್ಕಲಕೋಟೆ

ಚಿ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನ ಪತ್ರ ಬಂತು, ಮೊಬೈಲಿಗೆ ಕಳಿಸಿದ ಫೋಟೊಗಳನ್ನೂ ನೋಡಿದೆ. ರಾಜಮಹೇಂದ್ರಿಯ ಸೆಕೆ, ಮೆಸ್ಸಿನ ಊಟ, ರೊಟ್ಟಿ ಸಿಗದ ಸಂಕಟ, ಇವಕ್ಕೆಲ್ಲ ನಿಮ್ಮವ್ವ ಬೇರೆ ಬರೆಯುತ್ತಾಳೆ. ನಾನು ಚಿಪ್ಪಿನ ವಿಷಯಕ್ಕೆ ಬರುತ್ತೇನೆ. ಯಂತ್ರದಿಂದ ಆಳಕ್ಕೆ ಕೊರೆಯುವ ಬಾವಿಯ ಒಂದು ಸ್ಯಾಂಪಲ್‌ನಲ್ಲಿ ಗ್ಲೋಬೊಟ್ರಂಕಾನಾ ಎಂಬ ಸಮುದ್ರದ ಸೂಕ್ಷ್ಮಜೀವಿಯ ಚಿಪ್ಪು ಸಿಕ್ಕಿತು, ಅದು ಕ್ರಿಟೇಷಿಯಸ್ ಕಾಲದ, ಅಂದರೆ ಡೈನೋಸಾರ್‌ಗಳ ಕೊನೆಯ ಕಾಲದ ಜೀವಿ, ಆದ್ದರಿಂದ ಪದರವೂ ಕ್ರಿಟೇಷಿಯಸ್ ಅಂತ ಬರೆದೆ. ಮೇಲಿನವರು ಕಾರಣ ಹೇಳದೆ ವರದಿ ವಾಪಸು ಕಳಿಸಿದರು ಅಂತ ನಿನಗೆ ಸಿಟ್ಟು. ಕಾರಣ ಹೇಳದ್ದು ಅವರ ತಪ್ಪು. ವಾಪಸು ಕಳಿಸಿದ್ದು ತಪ್ಪಲ್ಲ.

ಫೋಟೊ ಇನ್ನೊಮ್ಮೆ ದೊಡ್ಡದು ಮಾಡಿ ನೋಡು. ಗ್ಲೋಬೊಟ್ರಂಕಾನಾ ಹೌದು, ಅನುಮಾನವಿಲ್ಲ: ಅಂಚಿನುದ್ದಕ್ಕೂ ಎರಡು ಏಣು, ಚಪ್ಪಟೆ ಸುರುಳಿ. ಆದರೆ ಒಂದು ಕಡೆ ಏಣು ಸವೆದಿದೆ, ಕೊನೆಯ ಕೋಣೆ ಮುರಿದಿದೆ, ಬಣ್ಣ ಹಳದಿಗೆ ತಿರುಗಿದೆ. ಅದೇ ಟ್ರೇಯಲ್ಲಿರುವ ಉಳಿದವು ಸಣ್ಣವು, ಬಿಳಿ, ಗಾಜಿನ ಹೊಳಪಿನವು, ಮುಳ್ಳು ಕೂಡ ಮುಕ್ಕಾಗಿಲ್ಲ. ಒಂದೇ ಸಮುದ್ರದ ತಳದಲ್ಲಿ ಒಟ್ಟಿಗೆ ಬಿದ್ದವುಗಳಿಗೆ ಇಷ್ಟು ಬೇರೆ ಬೇರೆ ಗತಿ ಬರುವುದಿಲ್ಲ. ಹಳೆಯ ಪದರವೊಂದು ಎಲ್ಲೋ ಸವೆದು, ಅದರ ಚಿಪ್ಪು ಹೊಳೆಯ ಜೊತೆ ಬಂದು ಹೊಸ ಕೆಸರಿನಲ್ಲಿ ಕೂತಿದೆ. ಹಳೇ ವಾಡೆಯ ಮಣ್ಣು ತಂದು ಕಟ್ಟಿದ ಗೋಡೆಯಲ್ಲಿ ಶಿವರಾಯಿ ದುಡ್ಡು ಸಿಕ್ಕರೆ ಆ ಗೋಡೆ ಪೇಶ್ವೆಯವರ ಕಾಲದ್ದಾಗುತ್ತದೇನು?

ಇದು ಹಳೆಯದು ಹೊಸದರಲ್ಲಿ ಸೇರುವ ದಾರಿ. ಬಾವಿಯಲ್ಲಿ ಇದಕ್ಕೆ ತದ್ವಿರುದ್ಧದ ಮೋಸವೂ ಇದೆ, ನನ್ನ ಪ್ರಕಾರ ಅದೇ ಹೆಚ್ಚು. ಡ್ರಿಲ್ಲಿಂಗ್ ಕೆಸರಿನ ಜೊತೆ ಮೇಲೆ ಬರುವ ಕಟಿಂಗ್ಸ್ (ಕಲ್ಲಿನ ಚೂರು) ಎಲ್ಲವೂ ಬಿಟ್ ಕೊರೆಯುತ್ತಿರುವ ಆಳದವೇ ಅಲ್ಲ. ಮೇಲಿನ ಗೋಡೆ ಕುಸಿಯುತ್ತಲೇ ಇರುತ್ತದೆ, ಹೊಸ ಕಾಲದ ಚಿಪ್ಪು ಕೆಳಗಿನ ಸ್ಯಾಂಪಲ್‌ಗೂ ಬಂದು ಬೀಳುತ್ತದೆ. ಆದ್ದರಿಂದ ಒಂದು ಜಾತಿ ಎಲ್ಲಿಯವರೆಗೆ ಕೆಳಗೆ ಕಾಣುತ್ತದೆ ಅನ್ನುವುದನ್ನು ಕಟಿಂಗ್ಸ್‌ನಿಂದ ನಂಬಬೇಡ. ಕೊರೆಯುತ್ತ ಇಳಿಯುವಾಗ ಅದು ಮೊದಲ ಸಲ ಎಲ್ಲಿ ಎದುರಾಯಿತು ಅನ್ನುವುದನ್ನು ಗುರುತು ಹಾಕು. ಭೂಮಿಯ ಲೆಕ್ಕದಲ್ಲಿ ಅದು ಆ ಜಾತಿ ಅಳಿದ ಗಡಿ. ಪಠ್ಯಪುಸ್ತಕ ಹುಟ್ಟಿನಿಂದ ಸಾವಿನ ಕಡೆ ಹೋಗುತ್ತದೆ, ಬಾವಿಯಲ್ಲಿ ಸಾವು ಮೊದಲು ಸಿಗುತ್ತದೆ.

ಈಗ ನಿನ್ನ ತೊಡಕು ನಿನಗೇ ಕಾಣಬೇಕು. ಬಾವಿಯಲ್ಲಿ ನಾವು ನಂಬುವ ಆ ಒಂದೇ ಗಡಿಯನ್ನು ತೇಲಿಬಂದ ಹಳೇ ಚಿಪ್ಪು ಮೇಲಕ್ಕೆ ಎಳೆದುಬಿಡುತ್ತದೆ. ನೀನು ಕ್ರಿಟೇಷಿಯಸ್‌ನ ತುದಿಯನ್ನು ಅದು ಇರಬೇಕಾದ ಜಾಗಕ್ಕಿಂತ ಮೇಲೆ ಇಟ್ಟೆ. ಪಕ್ಕದ ಬಾವಿಯ ಜೊತೆ ತಾಳೆ ನೋಡುವವನು ನಿನ್ನ ಗೆರೆ ಹಿಡಿದು ಎರಡೂ ಬಾವಿಗೆ ದಾರ ಕಟ್ಟಿದರೆ, ನಡುವೆ ಇಲ್ಲದ ಬಿರುಕೊಂದನ್ನು ನಕ್ಷೆಯಲ್ಲಿ ಬರೆಯಬೇಕಾಗುತ್ತದೆ. ಮುಂದಿನ ಬಾವಿ ಎಲ್ಲಿ ಕೊರೆಯಬೇಕು ಅನ್ನುವುದು ಆ ನಕ್ಷೆಯ ಮೇಲೆಯೇ ನಿಂತಿರುತ್ತದೆ.

ಹೆಸರಿಗಿಂತ ಮೊದಲು ತೊಳೆಯುವುದರ ಕಡೆ ಗಮನ ಕೊಡು. ಈ ಕೆಲಸವನ್ನು ಅಟೆಂಡರ್‌ಗೆ ಬಿಡುವುದು ಎಲ್ಲ ಕಡೆಯ ರೂಢಿ, ನೀನು ಬಿಡಬೇಡ. ಒಂದು ಸ್ಯಾಂಪಲ್ ಆದ ಮೇಲೆ ಜರಡಿಯನ್ನು ಮೀಥಿಲೀನ್ ಬ್ಲೂ ನೀರಿನಲ್ಲಿ ಅದ್ದಿ ತೆಗೆ. ಜಾಲರಿಯ ಕಣ್ಣಿನಲ್ಲಿ ಸಿಕ್ಕಿ ಉಳಿದ ಚಿಪ್ಪಿಗೆ ನೀಲಿ ಹತ್ತುತ್ತದೆ, ಮುಂದಿನ ಟ್ರೇಯಲ್ಲಿ ಅದು ಬಂದರೂ ಹೊರಗಿನದೆಂದು ತಕ್ಷಣ ತಿಳಿಯುತ್ತದೆ. ಇನ್ನು ಜರಡಿಯ ಅಳತೆ. 150 ಮೈಕ್ರಾನ್ ಮೇಲೆ ಉಳಿದದ್ದನ್ನು ಮಾತ್ರ ನೋಡುವುದು ಸುಲಭ, ಕಣ್ಣಿಗೂ ಹಿತ. ಆದರೆ ಕ್ರಿಟೇಷಿಯಸ್ ಮುಗಿದ ಕೂಡಲೇ, ಡೇನಿಯನ್ ಕಾಲದ ಆರಂಭದಲ್ಲಿ ತೇಲುತ್ತಿದ್ದ ಫೊರಾಮಿನಿಫೆರಾಗಳು (ಈ ಚಿಪ್ಪುಗಳ ಏಕಕೋಶ ಜೀವಿಗಳು) ಕುಬ್ಜರು. ಆ ಕಾಲದ ಗುರುತಿನ ಜಾತಿ ಪಾರ್ವ್ಯುಲಾರುಗೊಗ್ಲೋಬಿಜೆರಿನಾ ಯೂಗುಬಿನಾ (ಹೆಸರು ಅದರ ಮೈಗಿಂತ ಉದ್ದ) ದೊಡ್ಡ ಕಣ್ಣಿನ ಜರಡಿಯಿಂದ ನೀರಿನ ಜೊತೆ ಮೋರಿಗೆ ಹೋಗುತ್ತದೆ. ಉಳಿಯುವುದು ಹಳೇ ಕಾಲದ ದಪ್ಪ ಚಿಪ್ಪು ಮಾತ್ರ. ನಿನ್ನ ಸ್ಯಾಂಪಲ್‌ನ 63 ಮೈಕ್ರಾನ್ ಭಾಗ ಇನ್ನೂ ಡಬ್ಬಿಯಲ್ಲಿದ್ದರೆ ತೆಗೆದು ನೋಡು, ಅದಕ್ಕೂ ಸಣ್ಣ 38ರ ಜರಡಿ ಇದ್ದರೆ ಇನ್ನೂ ಒಳ್ಳೆಯದು.

ಟ್ರೇಯಲ್ಲಿ ಗ್ವೆಂಬೆಲಿಟ್ರಿಯಾ ತುಂಬಿದ್ದರೆ ಹಿಗ್ಗಬೇಡ. ಮೂರು ಸಾಲು ಕೋಣೆಯ ಆ ಗಟ್ಟಿ ಜೀವಿ ಕ್ರಿಟೇಷಿಯಸ್ ಕೊನೆಯಲ್ಲಿ ಬಹಳ ಜೀವಿಗಳು ಅಳಿದ ಪ್ರಳಯ ದಾಟಿ ಉಳಿದದ್ದು, ಗಡಿಯ ಎರಡೂ ಕಡೆ ಸಿಗುತ್ತದೆ. ಕೆಟ್ಟ ಕಾಲ ಇತ್ತು ಅಂತ ಹೇಳುತ್ತದೆ, ಯಾವ ಕಾಲ ಅಂತ ಹೇಳುವುದಿಲ್ಲ.

ಒಂದು ಜಾತಿ ಕಾಣದಿದ್ದರೆ ಅಳಿದಿದೆ ಅಂತಲೂ ಬರೆಯಬೇಡ. ತಳದಲ್ಲಿ ವಾಸಿಸುವವು ನೀರು ಆಳವಾದರೆ, ಕೆಸರು ಬದಲಾದರೆ ಜಾಗ ಬಿಡುತ್ತವೆ. ತೇಲುವವು ಕೂಡ ದಂಡೆಯ ಹತ್ತಿರ ಕಡಿಮೆ.

ನಿಮ್ಮವ್ವ ಕೇಳುತ್ತಾಳೆ, ಧೂಳು ನೋಡುವುದಕ್ಕೆ ಎಂ.ಎಸ್ಸಿ. ಓದಬೇಕಿತ್ತೇನು ಅಂತ. ಅವಳಿಗೆ ನಮ್ಮ ಹೊಲದ ಬಾವಿ ತೋರಿಸಿದೆ. ಎರಿಮಣ್ಣಿನ ಕೆಳಗೆ ಅಲ್ಲಿರುವುದೆಲ್ಲ ಕರಿಕಲ್ಲು, ದಖ್ಖನ್ ಟ್ರ್ಯಾಪ್‌ನ ಬಸಾಲ್ಟ್. ಲಾವಾದಲ್ಲಿ ಸಮುದ್ರದ ಚಿಪ್ಪು ಎಲ್ಲಿಂದ ಬರಬೇಕು? ಆದರೆ ನೀನಿರುವ ರಾಜಮಹೇಂದ್ರಿಯ ಹತ್ತಿರ, ಕಲ್ಲಿನ ಗಣಿಗಳಲ್ಲಿ, ಲಾವಾದ ಎರಡು ಕಂತಿನ ನಡುವೆ ಸಮುದ್ರದ ಕೆಸರು ಸಿಕ್ಕಿಹಾಕಿಕೊಂಡಿದೆ. ಭೂವಿಜ್ಞಾನಿ ಗೆರ್ಟಾ ಕೆಲ್ಲರ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಕೆಳಗಿನ ಲಾವಾದ ಮೇಲೆ ನೇರವಾಗಿ ಕೂತ ಕೆಸರಿನಲ್ಲಿ ಡೇನಿಯನ್ ಆರಂಭದ ಪಿ1ಎ ವಲಯದ (ಚಿಪ್ಪಿನ ಜಾತಿಗಳಿಂದ ಗುರುತಿಸುವ ಕಾಲದ ತುಂಡು) ಕುಬ್ಜ ಫೊರಾಮಿನಿಫೆರಾಗಳನ್ನು ತೋರಿಸಿದರು. ಅಂದರೆ ಕೆಳಗಿನ ಲಾವಾ ಕ್ರಿಟೇಷಿಯಸ್ ಮುಗಿಯುವ ಹೊತ್ತಿಗೆ, ಸುಮಾರು 6.6 ಕೋಟಿ ವರ್ಷದ ಹಿಂದೆ, ಹರಿದು ನಿಂತಿತ್ತು. ಆ ಲಾವಾದ ರಾಸಾಯನಿಕ ಗುಣವೂ ಕಾಂತೀಯ ದಿಕ್ಕೂ ಪಶ್ಚಿಮ ಘಟ್ಟದ ಪದರಗಳಿಗೆ ಹೊಂದುತ್ತವೆ. ಹಳೆಯ ನದೀಕಣಿವೆಗಳನ್ನು ಹಿಡಿದು ಸಾವಿರ ಕಿಲೊಮೀಟರಿಗೂ ಹೆಚ್ಚು ಹರಿದು ಬಂದದ್ದೆಂದು ಅನೇಕರ ವಾದ. ಚಿಪ್ಪೇ ಇಲ್ಲದ ನಮ್ಮ ಕಡೆಯ ಕಲ್ಲಿಗೆ ಸಾಕ್ಷಿ ಹೇಳುವ ಚಿಪ್ಪು ನಿನ್ನ ಊರಿನಲ್ಲಿದೆ. ಡೈನೋಸಾರ್‌ಗಳನ್ನು ಕೊಂದದ್ದು ಆಕಾಶದ ಕಲ್ಲೋ ಈ ಲಾವಾವೋ ಎಂಬ ಜಗಳಕ್ಕೆ ನೀನು ಈಗಲೇ ಇಳಿಯಬೇಡ, ಅದಕ್ಕೆ ಬಹಳ ಜನ ಇದ್ದಾರೆ.

ಇದರಲ್ಲಿ ಒಂದು ಮಾತು ಗಮನಿಸು. ಚಿಪ್ಪು ಹೇಳುವುದು ಹಿಂದು ಮುಂದಿನ ಕ್ರಮವನ್ನು. ಕೋಟಿ ವರ್ಷದ ಅಂಕಿ ಬರುವುದು ಬೂದಿಯ, ಲಾವಾದ ಹರಳುಗಳ ವಿಕಿರಣ ಲೆಕ್ಕದಿಂದ. ವರದಿಯಲ್ಲಿ ವಲಯದ ಹೆಸರು ಬರೆ. ವರ್ಷ ಬರೆಯಲೇಬೇಕಾದರೆ ಯಾವ ಕಾಲಮಾನದ ಪಟ್ಟಿಯಿಂದ ತೆಗೆದದ್ದೆಂದು ಕೆಳಗೆ ಹಾಕು, ಆ ಪಟ್ಟಿ ಆಗಾಗ ತಿದ್ದುಪಡಿಯಾಗುತ್ತದೆ.

ನಮ್ಮವರು ಈ ದಾರಿಯಲ್ಲಿ ಇಲ್ಲವೇ ಅಂತ ಕೇಳಿದ್ದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರೊಫೆಸರ್ ಎಲ್. ರಾಮರಾವ್ 1930ರ ದಶಕದಲ್ಲೇ ತಿರುಚಿರಾಪಳ್ಳಿ ಕಡೆಯ ನಿನಿಯೂರು ಪದರಗಳ ಪಾಚಿ ಪಳೆಯುಳಿಕೆಗಳನ್ನು ವಿಯೆನ್ನಾದ ಯೂಲಿಯಸ್ ಪಿಯಾ ಜೊತೆ ಸೇರಿ ವಿವರಿಸಿದವರು. ಹಳೇ ಲೈಬ್ರರಿಯಲ್ಲಿ ಅವರ ಬರಹ ಸಿಕ್ಕರೆ ಚಿತ್ರಗಳನ್ನು ನೋಡು. ನೀನೂ ಕೈಯಲ್ಲಿ ಚಿತ್ರ ಬಿಡಿಸು. ಕ್ಯಾಮೆರಾ ತೆಗೆದರೆ ಫೈಲ್ ಆಗುತ್ತದೆ, ಪೆನ್ಸಿಲ್ ಹಿಡಿದರೆ ಮಾತ್ರ ಕೋಣೆ ಎಣಿಸುತ್ತೀ, ಬಾಯಿ ಎಲ್ಲಿ ತೆರೆದಿದೆ ಅಂತ ಹುಡುಕುತ್ತೀ.

ವರದಿಯನ್ನು ಹೀಗೆ ತಿದ್ದು: ಆ ಆಳದಲ್ಲಿ ಒಂದೇ ಗ್ಲೋಬೊಟ್ರಂಕಾನಾ, ಸವೆದದ್ದು, ತೇಲಿಬಂದಿರುವ ಸಂಭವ ಹೆಚ್ಚು, ಜೊತೆಗಿರುವ ಸಣ್ಣ ಜಾತಿಗಳು ಇಂತಿಂಥವು, ಇಷ್ಟಿಷ್ಟು, ಗಡಿಯನ್ನು ಸದ್ಯಕ್ಕೆ ಇದರ ಕೆಳಗೆ ಇಡಲಾಗಿದೆ, ಕೋರ್ (ಆ ಆಳದಿಂದ ಇಡಿಯಾಗಿ ತೆಗೆದ ಕಲ್ಲಿನ ಕಂಬ) ಸಿಕ್ಕರೆ ಖಚಿತಪಡಿಸಬಹುದು. ಕೋರ್ ಬೇಕೆಂದು ಲಿಖಿತವಾಗಿ ಕೇಳು, ಬಾಯಿಮಾತಿನಲ್ಲಿ ಕೇಳಿದರೆ ಯಾರೂ ಕೊಡುವುದಿಲ್ಲ.

ಆ ಸಣ್ಣ ಬಿಳಿ ಚಿಪ್ಪುಗಳ ಫೋಟೊ ನನಗೂ ಕಳಿಸು. ಸುರುಳಿಯ ಕಡೆ, ಹೊಕ್ಕುಳ ಕಡೆ, ಅಂಚಿನ ಕಡೆ, ಮೂರೂ ಬೇಕು. ನೀನು ಕಳಿಸಿದ್ದೆಲ್ಲ ಒಂದೇ ಮಗ್ಗುಲಿನವು.

ನಿನ್ನ ಮಾವ